ಇಪ್ಪತ್ತನೆಯ ಮಗ್ಗ

ಸಾವಂತ್ರೆವ್ವ ಸರಕಾರಕ್ಕೆ ಟೆಂಡರು ಹಾಕಿದ್ದಾಳೆ ಎಂಬ ಸುದ್ದಿ ಕೇಳಿ ಗೋಕಾಕದ ಸಂತೆಯಲ್ಲಿ ನಕ್ಕವರು ಬಹಳ ಮಂದಿ. ನಗಲಿ ಬಿಡಿ, ನಗುವುದಕ್ಕೆ ಲೈಸೆನ್ಸು ಬೇಕಿಲ್ಲ. ಮಾಮಲೇದಾರ ಕಚೇರಿಯ ಕಾರಕೂನನೂ ನಕ್ಕಿದ್ದ. "ಟೆಂಡರು ಯಾರ ಹೆಸರಲೆ ಬರಕೊಳ್ಳಲೆವ್ವಾ, ನಿನ್ನ ಗಂಡಂದೋ ಮಾವಂದೋ?" ಎಂದು ಅವನು ಕೇಳಿದಾಗ ಅವಳು ಹಿಂದೆಮುಂದೆ ನೋಡದೆ, "ನನ್ನ ಹೆಸರಲೆ ಬರಕೋರಿ. ಗಂಡ ಕುರಿ ಹಿಂದ ಹೋಗ್ಯಾನ, ಮಾವ ಶಿವನ ಹತ್ರ ಹೋಗ್ಯಾನ. ಕಂಬಳಿ ಕೊಡಾಕಿ ನಾನ" ಅಂದಳು. ಕಾರಕೂನನ ನಗು ಅಲ್ಲಿಗೆ ನಿಂತಿತು.

ಅದು ನಲವತ್ತೆರಡನೇ ಇಸವಿಯ ಬೇಸಿಗೆ. ಯುದ್ಧ ನಡೆದಿತ್ತು, ದಂಡಿಗೆ ಕಂಬಳಿ ಬೇಕಾಗಿದ್ದವು. ಒಂದಲ್ಲ ಎರಡಲ್ಲ, ಎಂಟುನೂರು ಕಂಬಳಿ. ಹೋದ ವರ್ಷ ಆ ಗುತ್ತಿಗೆ ಹಿಡಿದವನು ಹುಕ್ಕೇರಿಯ ವ್ಯಾಪಾರಿ ಪರಪ್ಪ. ಪರಪ್ಪ ತನ್ನ ಜನ್ಮದಲ್ಲಿ ಒಂದು ಎಳೆ ಉಣ್ಣೆ ನೂತವನಲ್ಲ. ಅವನ ಆಳುಗಳು ಮೂಡಲಗಿಯ ಕುರುಬರ ಓಣಿಗೆ ಬಂದು, ಅವರು ಹೇಳಿದ ದರಕ್ಕೆ ಕಂಬಳಿ ಎತ್ತಿಕೊಂಡು ಹೋಗಿ, ಹುಕ್ಕೇರಿಯಲ್ಲಿ ಪರಪ್ಪನ ಮುದ್ರೆ ಒತ್ತಿ ಬೆಳಗಾವಿಗೆ ಸಾಗಿಸಿದ್ದರು. ಓಣಿಯ ಹೆಂಗಸರ ಬೆರಳು ನೂತು ನೂತು ಬಾತಿದ್ದವು, ಗಂಡಸರ ಬೆನ್ನು ನೇಯ್ದು ನೇಯ್ದು ಬಾಗಿತ್ತು. ಪರಪ್ಪನ ಮನೆಗೆ ಮಾತ್ರ ಹೊಸ ಮಾಳಿಗೆ ಎದ್ದಿತ್ತು.

ಈ ವರ್ಷದ ಜಾಹೀರನ್ನು ಮೂಡಲಗಿಯ ಚಾವಡಿ ಗೋಡೆಗೆ ಅಂಟಿಸಿದಾಗ ಅದನ್ನು ನಿಂತು ಓದಿದವಳು ಸಾವಂತ್ರೆವ್ವ ಒಬ್ಬಳೇ. ಮೂರನೇ ಇಯತ್ತೆಯವರೆಗೆ ಕಲಿತ ಓದು ಅದು, ಅಕ್ಷರಕ್ಕೊಮ್ಮೆ ಉಸಿರು ತೆಗೆದುಕೊಂಡು ಓದುವ ಓದು. ಆದರೆ "ಯಾರು ಬೇಕಾದರೂ" ಎಂಬಲ್ಲಿ ಅವಳ ಕಣ್ಣು ನಿಂತುಬಿಟ್ಟಿತು. ಯಾರು ಬೇಕಾದರೂ ಎಂದರೆ ಪರಪ್ಪ ಒಬ್ಬನೇ ಏನಲ್ಲವಲ್ಲ! ಮನೆಗೆ ಬಂದವಳೇ ಹತ್ತೊಂಬತ್ತು ಮನೆ ತಿರುಗಿ, ಕಂಬಳಿ ನೇಯ್ದುಕೊಡುವ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಳು. ಇಪ್ಪತ್ತನೆಯ ಹೆಬ್ಬೆಟ್ಟು ಮಾಲಿಂಗಪ್ಪ ಮುತ್ಯಾನದು, ಅಂದರೆ ಅವಳ ತಾಯಿಯ ತಂದೆಯದು. ಎಂಬತ್ತು ದಾಟಿದ ಮುದುಕ, ಓಣಿಯಲ್ಲಿ ಅವನಂಥ ಕಂಬಳಿ ನೇಯುವವರು ಈಗಲೂ ಇರಲಿಲ್ಲ. "ನೀ ಕೇಳಿದಿ ಅಂತ ಒತ್ತೇನಿ ನೋಡವ್ವಾ. ನಿನ್ನ ಕಾಗದಕ್ಕ ಒತ್ತೇನಿ" ಎಂದು ಹೇಳಿಯೇ ಅವನು ಒತ್ತಿದ್ದ.

ಸರಕಾರದ ಷರತ್ತು ಮೂರು. ಒಂದು ಜಾಮೀನು, ಅದನ್ನು ಅವಳ ಹೊಲದ ಮೇಲೆ ಬರೆದುಕೊಟ್ಟಿದ್ದಳು. ಎರಡು ನಮೂನೆ. ಅವಳ ಕಂಬಳಿಯ ನಾಲ್ಕು ಮೂಲೆ ಕಟ್ಟಿ, ನಡುವೆ ಒಂದು ಕೊಡ ನೀರು ಸುರಿದು ಕಚೇರಿಯವರು ನೋಡಿದ್ದರು. ಕಾರಕೂನ ಎರಡು ಸಲ ಎಲೆಅಡಿಕೆ ಹಾಕಿಕೊಂಡರೂ ಹನಿ ತೊಟ್ಟಿಕ್ಕಿರಲಿಲ್ಲ. ಮೂರನೆಯದು ಮಗ್ಗ, ಈ ವರ್ಷ ಹೊಸದಾಗಿ ಸೇರಿಸಿದ ಷರತ್ತು. ಟೆಂಡರು ಹಾಕಿದವರ ಕೈಕೆಳಗೆ ಇಪ್ಪತ್ತು ಮಗ್ಗ ನಡೆಯುತ್ತಿರಬೇಕು, ಅಧಿಕಾರಿ ತಾನೇ ಹೋಗಿ ಕಣ್ಣಾರೆ ಕಂಡು ಎಣಿಸಿ ಬರೆಯಬೇಕು. ಒಂದು ಕಡಿಮೆಯಾದರೂ ದರ ಬರೆದು ಮುಚ್ಚಿದ ಲಕೋಟೆಯನ್ನು ಒಡೆಯದೆ ವಾಪಸು ಕೊಡುತ್ತಾರೆ. ವಾಪಸು ಬಂತೆಂದರೆ ಮತ್ತೆ ಪರಪ್ಪನ ಆಳು, ಪರಪ್ಪನ ದರ, ಇನ್ನೊಂದು ವರ್ಷ ಬಾತ ಬೆರಳು.

ಎಣಿಸಲು ಬರುವ ಅಧಿಕಾರಿಯ ಹೆಸರು ಅಪ್ಪಣ್ಣ. ಕಣಗಲಾ ಊರಿನವರು, ಬೆಳಗಾವಿಯ ಸರಬರಾಜು ಕಚೇರಿಯಲ್ಲಿ ತಪಾಸಣೆಯ ಕೆಲಸ. ಅವರ ಕೀರ್ತಿ ಅವರಿಗಿಂತ ಮೊದಲೇ ಊರೂರು ತಿರುಗಿತ್ತು. ಹತ್ತರಗಿಯಲ್ಲಿ ರಸ್ತೆಗೆ ಖಡಿ ಕಲ್ಲು ಸಾಗಿಸುವ ಗುತ್ತಿಗೆದಾರನೊಬ್ಬ ತನ್ನ ಆರು ಬಂಡಿಗಳನ್ನೇ ಊರ ಸುತ್ತ ಎರಡು ಸಲ ಹೊಡೆಸಿ, ಹನ್ನೆರಡು ಬಂಡಿ ಇವೆ ಎಂದು ತೋರಿಸಿದ್ದನಂತೆ. ಅಪ್ಪಣ್ಣ ಸಾಹೇಬರು ಎತ್ತುಗಳ ಕೋಡು ನೋಡಿಯೇ ಅವನನ್ನು ಹಿಡಿದು ಮನೆಗೆ ಕಳಿಸಿದ್ದರು. ಈ ಕಥೆ ಕೇಳಿ ಸಾವಂತ್ರೆವ್ವನಿಗೆ ಖುಷಿಯೇ ಆಯಿತು. "ಖರೆ ಇದ್ದವರಿಗೆ ಇಂಥಾ ಸಾಹೇಬನ ಬೇಕು" ಅಂದಳು.

ಎಣಿಕೆಯ ಹಿಂದಿನ ದಿನ ಸಂಜೆ ಓಣಿಯ ಹನುಮಪ್ಪನ ಕಟ್ಟೆಯ ಮೇಲೆ ನಿಂತು, "ನಾಳೆ ಸರಕಾರದವರು ನಮ್ಮ ಮಗ್ಗಾ ಎಣಿಸಾಕ ಬರ್ತಾರ. ಎಲ್ಲಾರೂ ಮನ್ಯಾಗ ಇರ್ರಿ" ಎಂದು ಸಾರಿದಳು. ಯಾರೂ ಏನೂ ಕೇಳಲಿಲ್ಲ. ಕೇಳದಿದ್ದರೆ ತಿಳಿಯಿತು ಎಂದೇ ಅವಳ ಲೆಕ್ಕ. ಬೆಳಗಿನ ಸರ್ವೀಸ್ ಮೋಟಾರು ಹತ್ತಿ ಗೋಕಾಕಕ್ಕೆ ಹೋಗಿ, ಜಾಮೀನಿನ ಕಾಗದ ಒಪ್ಪಿಸಿ, ಮಧ್ಯಾಹ್ನದ ಮೋಟಾರಿಗೆ ಸಾಹೇಬರನ್ನು ಕರೆದುಕೊಂಡೇ ಮೂಡಲಗಿಯಲ್ಲಿ ಇಳಿದಳು.

ಸಾಹೇಬರು ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲಿ ದಫ್ತರ. ದಾರಿಯುದ್ದಕ್ಕೂ ಹೆಚ್ಚು ಮಾತಾಡಲಿಲ್ಲ. "ನಾಕು ಗಂಟೆ ಮೋಟಾರಿಗೆ ನಾ ತಿರುಗಿ ಹೋಗಬೇಕವ್ವಾ. ನಾಳೆ ಹುಕ್ಕೇರಿ ತಪಾಸಣಿ ಐತಿ" ಎಂದಷ್ಟೇ ಅಂದರು. "ನಾಕು ಗಂಟೆ ಯಾಕ್ರಿ, ಒಂದು ತಾಸಿನ್ಯಾಗ ಮುಗಿಸಿ ಕಳಸ್ತೇನಿ. ಓಣಿ ಹೊಕ್ಕೂಡ್ಲೆ ಮಗ್ಗದ ಸಪ್ಪಳಕ್ಕ ನಿಮ್ಮ ಕಿವಿ ಕಿವುಡ ಆಗತಾವ" ಎಂದು ಅವಳು ನಕ್ಕಳು.

ಓಣಿ ಹೊಕ್ಕರು. ಸಪ್ಪಳವೇ ಇಲ್ಲ.

ಕಂಬಳಿ ಮಗ್ಗವೆಂದರೆ ಗಿರಣಿಯ ಮಗ್ಗದಂತೆ ಕಬ್ಬಿಣದ ಕುದುರೆಯಲ್ಲ. ಮನೆಯ ಮುಂದಿನ ಅಂಗಳದಲ್ಲಿ ನಾಲ್ಕು ಗೂಟ, ಆ ಗೂಟಕ್ಕೆ ಅಡ್ಡ ಕೋಲು, ಕೋಲಿನಿಂದ ಕೋಲಿಗೆ ಎಳೆದು ಕಟ್ಟಿದ ಉದ್ದ ನೂಲಿನ ಹಾಸು. ಗೂಟ ಕಿತ್ತು ಹಾಸು ಸುತ್ತಿದರೆ ಇಡೀ ಮಗ್ಗ ಒಂದು ಹೆಗಲ ಹೊರೆ. ಬೆಳಿಗ್ಗೆ ಇವಳು ಹೋಗುವಾಗ ಓಣಿಯ ಎರಡೂ ಬದಿಗೆ ಕಪ್ಪು ಹಾಸುಗಳು ಬಿಗಿದಿದ್ದವು. ಈಗ ನೋಡಿದರೆ ಅಂಗಳಗಳೆಲ್ಲ ಬೋಳು. ಬೋಳಷ್ಟೇ ಅಲ್ಲ, ಗೂಟ ಕಿತ್ತ ತೂತುಗಳಿಗೆ ಮಣ್ಣು ತುಂಬಿ, ಮೇಲೆ ಸಗಣಿ ಸಾರಿಸಿ, ಅದರ ಮೇಲೆ ರಂಗೋಲಿ ಬೇರೆ ಹಾಕಿದ್ದರು! ಗಂಡಸರು ಕಟ್ಟೆಯ ಮೇಲೆ ಕೈ ಕಟ್ಟಿ ಕುಳಿತಿದ್ದರು. ಒಂದು ರಾಟಿ ಕೂಡ ಕಣ್ಣಿಗೆ ಬೀಳಲಿಲ್ಲ.

ಸಾವಂತ್ರೆವ್ವ ಒಂದೊಂದೇ ಅಂಗಳಕ್ಕೆ ಇಣುಕಿದಳು. ಬಾಜೂ ಮನೆಯ ಸತ್ತೆವ್ವ ನಗುನಗುತ್ತ ಎದುರು ಬಂದಳು.

"ಸತ್ತೆವ್ವಾ, ಮಗ್ಗಾ ಎಲ್ಲ್ಯಾವ?"

"ಮಗ್ಗಾ?" ಸತ್ತೆವ್ವ ಸಾಹೇಬರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು. "ನಮ್ಮ ಓಣ್ಯಾಗ ಎಲ್ಲಿ ಮಗ್ಗಾರಿ ಸಾಹೇಬರ? ನಾವು ಬಡವರು, ಕೂಲಿ ಮಾಡಿ ಉಣ್ಣಾವ್ರು. ಮಗ್ಗಾ ಹೆಂಗ ಇರತೈತಿ ಅಂತ ನೋಡಿದವರೂ ಅಲ್ಲ." ಹಾಗೆಂದು ಸಾವಂತ್ರೆವ್ವನ ಕಡೆ ತಿರುಗಿ, ಹೆಂಗೈತಿ ನಮ್ಮ ಕೆಲಸ ಎನ್ನುವ ಹಾಗೆ ಕಣ್ಣು ಮಿಟುಕಿಸಿದಳು.

ಅಯ್ಯೋ ಶಿವನೇ! ಸಾವಂತ್ರೆವ್ವನಿಗೆ ಆಗ ಹೊಳೆಯಿತು. ಸರಕಾರದವರು ಎಣಿಸಲು ಬಂದರೆ ತೆರಿಗೆಗೇ ಬರುವುದು. ಕುರಿ ಎಣಿಸಲು ಬಂದರೆ ಅರ್ಧ ಕುರಿ ಹಳ್ಳಕ್ಕೆ ಹೊಡೆಯುವುದು, ಗಿಡ ಎಣಿಸಲು ಬಂದರೆ ಇದು ನಮ್ಮ ಗಿಡ ಅಲ್ಲ ಅನ್ನುವುದು, ಈ ಓಣಿಯಲ್ಲಿ ಕೂಸಿಗೂ ಗೊತ್ತಿರುವ ವಿದ್ಯೆ. ಮಗ್ಗಕ್ಕೂ ಒಂದು ಕಾಲದಲ್ಲಿ ತೆರಿಗೆ ಇತ್ತಂತೆ. ಅದು ನಿಂತು ಎಷ್ಟು ತಲೆಮಾರಾಯಿತೋ, ಆದರೆ ಅಂಜಿಕೆ ನಿಂತಿರಲಿಲ್ಲ. ಇವಳು ಟೆಂಡರು, ಷರತ್ತು, ಲಕೋಟೆ ಎಂದು ಗೋಕಾಕಕ್ಕೆ ಓಡಾಡಿದಳೇ ಹೊರತು, ಈ ಸಲದ ಎಣಿಕೆ ಬೇರೆ ಎಂದು ಓಣಿಗೆ ಬಿಡಿಸಿ ಹೇಳಿರಲಿಲ್ಲ. ತಪ್ಪು ಯಾರದು? ಅವಳದೇ. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಅಪ್ಪಣ್ಣ ಸಾಹೇಬರು ದಫ್ತರ ಬಿಚ್ಚಿ ಪೆನ್ಸಿಲ್ಲು ತೆಗೆದರು. "ನಾನು ಕಂಡದ್ದನ್ನ ಬರಿಯಾಂವವ್ವಾ. ಈಗ ನನಗ ಕಾಣಾಕತ್ತಿದ್ದು ಸೊನ್ನಿ."

"ಆ ಪೆನ್ಸಿಲ್ ಒಂದೀಟ ತಡೀರಿ ಸಾಹೇಬರ!" ಎಂದವಳೇ ಸಾವಂತ್ರೆವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಟ್ಟೆ ಹತ್ತಿದಳು. ಅವಳ ಗಂಟಲು ಎಂಥದೆಂದರೆ ಕುರಿಹಿಂಡಿನ ಆಚೆ ತುದಿಯ ಟಗರೂ ತಿರುಗಿ ನೋಡಬೇಕು. "ಏ ಹುಚ್ಚಪ್ಪಗಳಿರಾ! ಯಾವ ತೆರಿಗಿಯೋ, ಯಾರ ಮನಿ ತೆರಿಗಿಯೋ! ಇಪ್ಪತ್ತು ಮಗ್ಗಾ ಅದಾವ ಅಂತ ಈ ಸಾಹೇಬರ ಕಣ್ಣಿಗೆ ಬಿದ್ರ ಕಂಬಳಿ ನಾವ ಸೀದಾ ದಂಡಿಗೆ ಕೊಡಬಹುದು. ಬೀಳಲಿಲ್ಲಂದ್ರ ಮತ್ತ ಪರಪ್ಪನ ಮುಂದ ಕೈ ಒಡ್ಡಕೋತ ನಿಲ್ಲೂದು. ರಂಗೋಲಿ ಹಾಕೀರಲ್ಲ, ಭಾಳ ಚಂದ ಆಗೈತಿ, ಅದನ್ನ ನೋಡಕೋತ ವರ್ಷಾಪೂರ್ತಿ ಕುಂಡರ್ರಿ!"

ಸತ್ತೆವ್ವ "ಇದನ್ನ ನಿನ್ನೆ ಹೇಳಾಕ ನಿನಗೇನಾಗಿತ್ತ?" ಎಂದು ಬೈದವಳೇ ಮನೆಯೊಳಗೆ ಓಡಿದಳು. ಅವಳ ಹಿಂದೆ ಓಣಿಗೆ ಓಣಿಯೇ ಎದ್ದಿತು. ಮಾಳಿಗೆಯ ಮೇಲಿಂದ ಕೋಲು ಇಳಿದವು, ಬಣವೆಯೊಳಗಿಂದ ಹಾಸು ಹೊರಬಂದವು, ಒಬ್ಬನ ಲಾಳಿ ಜೋಳದ ಹಗೇವಿನಿಂದ ಬಂತು. ಸಾರಿಸಿದ ನೆಲ ಅಗೆದು ಅವೇ ತೂತುಗಳಿಗೆ ಗೂಟ ಬಡಿದರು. ಹಿಂದಿನಿಂದ ಎಳೆದು ಬಿಗಿಯುವವರು, ಮುಂದಿನಿಂದ ಕೂಗುವವರು, ನಡುವೆ ಕೋಳಿಗಳು. ತಾಸು ಕಳೆಯುವುದರೊಳಗೆ ಓಣಿ ಮೊದಲಿನಂತಾಯಿತು. ಸಾಹೇಬರು ಕೊಡೆ ಬಿಚ್ಚಿಕೊಂಡು ಬಿಸಿಲಲ್ಲಿ ನಿಂತೇ ಇದ್ದರು.

ಈಗ ಅವರ ಸರದಿ. "ಬರೇ ಮಗ್ಗಾ ನೋಡಿ ಬರಿಯೂದಿಲ್ಲ. ಹೆಸರು ಕೂಗತೇನಿ, ಕೂಗಿದವರು ತಮ್ಮ ಮಗ್ಗಕ್ಕ ಕುಂತು ನಾಕು ಎಳಿ ನೇಯಬೇಕು" ಅಂದರು. ಸಾವಂತ್ರೆವ್ವ ಎದೆ ಸೆಟೆದು "ನಾಕ್ಯಾಕ, ನಲವತ್ತ ನೇಯ್ತಾರ" ಅಂದಳು. ಒಂದೊಂದೇ ಮಗ್ಗ ಮಾತಾಡತೊಡಗಿತು. ಸಾಹೇಬರು ಬಾಗಿ ಹಾಸು ಮುಟ್ಟಿ ನೋಡುವರು, ಎಳೆಗೆ ಹಚ್ಚಿದ ಹುಣಸೆಬೀಜದ ಗಂಜಿ ಎಷ್ಟು ಹಳೆಯದು ಎಂದು ಮೂಸಿ ನೋಡುವರು, ಒಂದು ಗೆರೆ ಎಳೆಯುವರು. ಹತ್ತು ಆಯಿತು. ಹದಿನೈದು ಆಯಿತು. ಹತ್ತೊಂಬತ್ತು ಆಯಿತು.

"ಮಾಲಿಂಗಪ್ಪ" ಎಂದು ಸಾಹೇಬರು ಕೂಗಿದರು.

ಮತ್ತೊಮ್ಮೆ ಕೂಗಿದರು.

"ನಾನ ರಿ! ನಾನ ಮಾಲಿಂಗಪ್ಪ!" ಎಂದು ಓಣಿಯ ಕೊನೆಯಿಂದ ಒಬ್ಬ ಓಡಿ ಬಂದ. ಅವನು ಅಲ್ಲಪ್ಪ. ಆಡು ಕಾಯುವವನು, ಮೂವತ್ತು ವರ್ಷದವನು, ಮನಸ್ಸು ಬಂಗಾರ, ತಲೆ ಮಾತ್ರ ಅಷ್ಟಕ್ಕಷ್ಟೆ. ಮುತ್ಯಾನ ಮಗ್ಗ ಹೊರಬಂದಿಲ್ಲ ಎಂದು ನೋಡಿ, ತನ್ನ ಆಡಿನ ಹಟ್ಟಿಯ ಕೋಲು ಕಿತ್ತು, ಯಾರದೋ ಹಳೆಯ ಹಾಸು ಸುತ್ತಿ ತಾನೇ ಒಂದು ಮಗ್ಗ ಮಾಡಿ ನಿಲ್ಲಿಸಿದ್ದ.

ಸಾಹೇಬರು ಕಾಗದ ನೋಡಿದರು, ಅವನನ್ನು ನೋಡಿದರು. "ಮಾಲಿಂಗಪ್ಪಗ ಎಂಬತ್ತೊಂದು ವರ್ಷ ಅಂತ ಬರದೈತಲ್ಲೋ?"

"ಹೌದ್ರಿ. ನಮ್ಮವ್ವ ಚಲೋ ಹಾಲು ತುಪ್ಪಾ ಹಾಕ್ಯಾಳ್ರಿ."

ಓಣಿಯವರಿಗೆ ನಗು ತಡೆಯಲಾಗಲಿಲ್ಲ. ಸಾಹೇಬರು ನಗಲಿಲ್ಲ. ಆ ಮಗ್ಗದ ಮೇಲೆ ಒಂದು ಬೆರಳಿಟ್ಟರು, ಅದು ಕರಕರ ಎಂದು ಮಗ್ಗುಲಾಗಿ ಅವರ ಕಾಲ ಬಳಿಯೇ ಬಿತ್ತು. "ಸುಳ್ಳ ಹೆಸರು ಹೇಳಿ ನಿಂತ್ರ ಇಡೀ ಟೆಂಡರು ಹೊಡದು ಹಾಕಬಹುದು. ಗೊತ್ತೈತೇನವ್ವಾ?" ಎಂದು ಅವರು ಕೇಳಿದ್ದು ಅಲ್ಲಪ್ಪನನ್ನಲ್ಲ, ಸಾವಂತ್ರೆವ್ವನನ್ನು.

ಅವಳು ಬಾಗಿ ಆ ಕೋಲುಗಳನ್ನು ತಾನೇ ಎತ್ತಿ ಅಲ್ಲಪ್ಪನ ಹೆಗಲಿಗೆ ಹೊರಿಸಿ, "ನಿನ್ನ ಆಡು ಓಡಿ ಹೋಗ್ಯಾವು, ಹೋಗಿ ಹಿಡಿ ಹೋಗಪಾ" ಎಂದು ಕಳಿಸಿದಳು. ಬೈಯಲಿಲ್ಲ. ಅವನು ಮಾಡಿದ್ದು ಪ್ರೀತಿಗೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಸಾಹೇಬರ ಕಡೆ ತಿರುಗಿದಳು. "ಅದು ಮಗ್ಗಾ ಅಲ್ಲರಿ, ಹಟ್ಟಿ ಬೇಲಿ. ಅಂವಗ ಹಂಗ ಮಾಡಂತ ನಾ ಹೇಳಿಲ್ಲ, ನೀವು ನಂಬ್ರಿ ಬಿಡ್ರಿ. ಈಗ ನೀವು ಕಂಡದ್ದು ಹತ್ತೊಂಬತ್ತು."

"ಹತ್ತೊಂಬತ್ತಕ್ಕ ನಡಿಯೂದಿಲ್ಲವ್ವಾ."

"ನಡಿಯೂದಿಲ್ಲ ಅಂತ ನನಗೂ ಗೊತ್ತೈತ್ರಿ. ಬರ್ರಿ, ಇಪ್ಪತ್ತನೇದು ತೋರಸ್ತೇನಿ."

ಮಾಲಿಂಗಪ್ಪ ಮುತ್ಯಾ ತನ್ನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಗೋಡೆಗೆ ಒರಗಿ ಕುಳಿತಿದ್ದ. ಕಂಬಳಿಯ ಕೆಳಗೆ ಉದ್ದಕ್ಕೆ ಉಬ್ಬಿಕೊಂಡಿದ್ದದ್ದು ಏನೆಂದು ಕುರುಡನಿಗೂ ತಿಳಿಯುತ್ತಿತ್ತು. ಮುದುಕ ತನ್ನ ಮಗ್ಗದ ಮೇಲೆಯೇ ಕುಳಿತಿದ್ದ. ಬೆಳಿಗ್ಗೆ ಮನೆಮನೆಗೆ ಹೋಗಿ "ಮಗ್ಗಾ ಮುಚ್ರಿ" ಎಂದು ಎಬ್ಬಿಸಿದವನೂ ಅವನೇ ಎಂದು ಸತ್ತೆವ್ವ ಆಗಲೇ ಸಾವಂತ್ರೆವ್ವನ ಕಿವಿಯಲ್ಲಿ ಹೇಳಿದ್ದಳು.

"ಅಜ್ಜಾರ, ನಿಮ್ಮ ಮಗ್ಗಾ ಎಲ್ಲೈತ್ರಿ?" ಸಾಹೇಬರು ಕೇಳಿದರು.

"ನಂದೆಲ್ಲಿ ಮಗ್ಗಾರಿ ಸಾಹೇಬರ. ಕಣ್ಣು ಕಾಣೂದಿಲ್ಲ, ಕೈ ನಡಗತಾವ." ಕೈ ಚಾಚಿ ತೋರಿಸಿದ. ಕೈ ಕಲ್ಲಿನಂತೆ ನೆಟ್ಟಗಿತ್ತು.

"ಮುತ್ಯಾ!" ಸಾವಂತ್ರೆವ್ವನ ದನಿ ಏರಿತು. "ನೀ ಹೆಬ್ಬೆಟ್ಟ ಒತ್ತೀಯಿಲ್ಲೋ?"

"ನಿನ್ನ ಕಾಗದಕ್ಕ ಒತ್ತೇನಿ. ಈ ಮನಿಶ್ಯಾನ ಕಾಗದಕ್ಕ ಒತ್ತಿಲ್ಲ."

ಸಾಹೇಬರು ಗಡಿಯಾರ ತೆಗೆದು ನೋಡಿದರು. ಮೂರು ಹೊಡೆದು ಇಪ್ಪತ್ತು ನಿಮಿಷ. ಅವರಿಗೂ ಕಣ್ಣಿದ್ದವು, ಕಂಬಳಿಯ ಉಬ್ಬು ಅವರಿಗೂ ಕಂಡಿತ್ತು. ದನಿ ತಗ್ಗಿಸಿ, "ಹೋಗಲಿ ಬಿಡವ್ವಾ. ಐತಿ ಅಂತೂ ಖರೆ. ಇಪ್ಪತ್ತಂತ ಬರದುಬಿಡ್ತೇನಿ" ಅಂದರು.

ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಕೈ ಮುಗಿದು ಮೋಟಾರಿನವರೆಗೆ ಕಳಿಸಿ ಬರುತ್ತಿದ್ದರು. ಸಾವಂತ್ರೆವ್ವ ತಲೆ ಅಲ್ಲಾಡಿಸಿದಳು. "ಬ್ಯಾಡ್ರಿ. ಕಂಡದ್ದನ್ನ ಬರಿಯಾವ್ರು ಅಂತ ನೀವ ಹೇಳೀರಿ. ಕಾಣದ್ದ ಬರದ್ರ ನಾಳೆ ಪರಪ್ಪ ಅದನ್ನ ಹಿಡಕೊಂಡು ಎಳೀತಾನ. ನನಗ ದಾನದ ಮಗ್ಗಾ ಬ್ಯಾಡ." ಹಾಗೆಂದು ಮುತ್ಯಾನ ಎದುರು ಮಂಡಿಯೂರಿ ಕುಳಿತಳು. "ಹೇಳು ಮುತ್ಯಾ. ಏನ ಅಂಜಿಕಿ ನಿನಗ?"

ಮುದುಕ ಸಾಹೇಬರನ್ನೇ ನೋಡುತ್ತ ಮಾತಾಡಿದ. "ನಮ್ಮ ಮುತ್ಯಾಗ ಎರಡು ಮಗ್ಗಾ ಇದ್ದುವಂತ. ಸರಕಾರದವರು ಬಂದ್ರಂತ, ನಿಮ್ಮಂಗ ದಫ್ತರ ಹಿಡಕೊಂಡು. ಎಣಿಸಿದ್ರು, ಬರಕೊಂಡ್ರು, ಹೋದ್ರು. ಮುಂದ ಮಗ್ಗಕ್ಕಿಷ್ಟು ಅಂತ ತೆರಿಗಿ ಬಂತು. ಕೊಡಾಕ ಆಗಲಿಲ್ಲ. ಎರಡೂ ಮಗ್ಗಾ ಕಿತಗೊಂಡು ಒಯ್ದ್ರು. ಚಾವಡ್ಯಾಗ ಅವನ್ನ ಒಲಿಗೆ ಹಾಕಿ ನೀರು ಕಾಸಿದ್ದನ್ನ ಅಂವಾ ಕಣ್ಣಾರೆ ಕಂಡಾನ. ಸಾಯೂತನಕ ಮಂದಿ ಕುರಿ ಕಾದ. ನನ್ನ ತೊಡಿಮ್ಯಾಲ ಕುಂಡರಿಸಿಕೊಂಡು, ಎಣಿಸಾಕ ಬಂದವ್ರಿಗೆ ನನ್ನ ಹತ್ರ ಏನೂ ಇಲ್ಲ ಅಂತ ಹೇಳಬೇಕು ನೋಡಪಾ ಅಂತ ಆಣಿ ಹಾಕಿಸಿಕೊಂಡಾನ."

"ಆ ತೆರಿಗಿ ನಿಂತು ನೂರು ವರ್ಷಾಗಾಕ ಬಂತ್ರಿ ಅಜ್ಜಾರ" ಎಂದರು ಸಾಹೇಬರು.

"ಬಂದಿರಬಹುದು. ನನ್ನ ಮೊಮ್ಮಗಳಿಗೆ ನೀವು ಜಾಮೀನು ಕೇಳಿದ್ರಿ, ಕೊಟ್ಟಳು. ನಮೂನಿ ಕೇಳಿದ್ರಿ, ಕೊಟ್ಟಳು. ಮಗ್ಗಾ ಕೇಳಾಕ ಬಂದೀರಿ. ಇಷ್ಟೆಲ್ಲಾ ನೋಡಿ ನಾವು ಲಾಯಕ್ ಅಂತ ಬರೀತೀರಿ. ಚಲೋ ಆತು. ನೀವು ಲಾಯಕ್ ಅದೀರಿಲ್ಲೋ ಅಂತ ನಾವು ಯಾವಾಗ ನೋಡೂದ್ರಿ? ಸರಕಾರದ ಜಾಮೀನು ಯಾರ್ರಿ?"

ಬಾಗಿಲಲ್ಲಿ ನೆರೆದಿದ್ದ ಮಂದಿ ಉಸಿರು ಹಿಡಿದರು. ಸಾಹೇಬನಿಗೆ ಹೀಗೆ ಕೇಳುವುದೆಂದರೇನು! ಸಾವಂತ್ರೆವ್ವನ ಸಿಟ್ಟೆಲ್ಲ ಹೋಗಿ ಮುದುಕನ ಮೇಲೆ ಅಭಿಮಾನ ಉಕ್ಕಿ ಬಂತು. ಇಷ್ಟು ದಿನ ಗೋಕಾಕಕ್ಕೆ ಎಡತಾಕಿದ ಅವಳಿಗೇ ಈ ಮಾತು ಹೊಳೆದಿರಲಿಲ್ಲ.

ಅಪ್ಪಣ್ಣ ಸಾಹೇಬರು ಕೊಡೆಯನ್ನು ಗೋಡೆಗೆ ಒರಗಿಸಿದರು. ಟೋಪಿ ತೆಗೆದರು. ಆಮೇಲೆ ನೆಲದ ಮೇಲೆ, ಮುದುಕನ ಸರಿಸಮ ಕುಳಿತರು. "ಕೇಳ್ರಿ ಅಜ್ಜಾರ. ನಿಮಗೇನ ಬೇಕು?"

"ತೆರಿಗಿ ಬರೂದಿಲ್ಲ ಅಂತ ಬರದು ಕೊಡ್ರಿ."

ಸಾಹೇಬರು ಯೋಚಿಸಿದರು. ಮಾತಿಗೆ ಹೂಂ ಅಂದು ಏನೋ ಒಂದು ಗೀಚಿ ಕೊಡಬಹುದಿತ್ತು, ಮುದುಕನಿಗೆ ಓದಲು ಬರುವುದಿಲ್ಲ. "ಅದನ್ನ ಬರಿಯಾಕ ನನಗ ಅಧಿಕಾರ ಇಲ್ಲರಿ. ಮುಂದ ಸರಕಾರ ಏನ ಮಾಡತೈತಿ ಅಂತ ನಾ ಹೆಂಗ ಬರೀಲಿ? ಸುಳ್ಳ ಬರದಂಗ ಆಗತೈತಿ. ನಾ ಕಂಡದ್ದು, ನಾ ಮಾಡಿದ್ದು, ಅಷ್ಟ ಬರೀಬಹುದು."

ಮುತ್ಯಾ ಅವರ ಮುಖವನ್ನೇ ನೋಡಿದ. ಕಣ್ಣು ಕಾಣುವುದಿಲ್ಲ ಎಂದವನು ರೆಪ್ಪೆ ಬಡಿಯದೆ ನೋಡಿದ. "ಅಷ್ಟ ಬರೀರಿ" ಎಂದ.

ದಫ್ತರದಿಂದ ಒಂದು ಹಾಳೆ ಹರಿದು, ತೊಡೆಯ ಮೇಲಿಟ್ಟುಕೊಂಡು ಸಾಹೇಬರು ಬರೆದರು. ಸಾವಂತ್ರೆವ್ವ ಅದನ್ನು ಇಸಿದುಕೊಂಡು ಅಕ್ಷರ ಅಕ್ಷರ ಬಿಡಿಸಿ ಗಟ್ಟಿಯಾಗಿ ಓದಿದಳು. "ಈ ದಿವಸ ನಾನು ಮೂಡಲಗಿಯ ಮಾಲಿಂಗಪ್ಪನವರ ಮನೆಗೆ ಬಂದೆನು. ಅವರ ಒಂದು ಮಗ್ಗ ಕಂಡೆನು. ಎಣಿಸಿದೆನು. ಏನನ್ನೂ ಒಯ್ಯಲಿಲ್ಲ." ಕೆಳಗೆ ಸಹಿ, ತಾರೀಖು.

"ಇನ್ನೊಮ್ಮೆ ಓದು" ಎಂದ ಮುತ್ಯಾ. ಇನ್ನೊಮ್ಮೆ ಓದಿದಳು. ಕೊನೆಯ ಮಾತನ್ನು ಮೆಲ್ಲಗೆ ಓದಿದಳು, ಆ ಗಂಟಲಿಗೆ ಮೆಲ್ಲಗೆ ಓದಲೂ ಬರುತ್ತದೆ ಎಂದು ಓಣಿಗೆ ಅವತ್ತೇ ತಿಳಿದದ್ದು.

ಮುದುಕ ಎದ್ದ. ಕಂಬಳಿ ಸರಿಸಿದ. ಕೋಲುಗಳನ್ನು ಹೆಗಲಿಗೇರಿಸಿಕೊಂಡು, ಹಿಡಿಯಲು ಬಂದವರನ್ನೆಲ್ಲ "ಸರೀರಿ" ಎಂದು ಸರಿಸಿ, ಅಂಗಳಕ್ಕೆ ತಾನೇ ಇಳಿದ. ಗೂಟ ಬಡಿದ ಸದ್ದು ನಾಲ್ಕು ಸಲ ಕೇಳಿತು. ಹಾಸು ಬಿಗಿದು ಕುಳಿತು ಲಾಳಿ ಎಸೆದ. ಸಾಹೇಬರು ನಾಲ್ಕು ಎಳೆ ಎಣಿಸಿ, ದಫ್ತರದಲ್ಲಿ ಇಪ್ಪತ್ತನೆಯ ಗೆರೆ ಎಳೆದು, "ಸಾಕ್ರಿ ಅಜ್ಜಾರ" ಅಂದರು. ಅವನು ನಿಲ್ಲಿಸಲಿಲ್ಲ.

ಇಲ್ಲಿ ಒಂದು ಗದ್ದಲವಾಯಿತು, ಹೇಳದಿದ್ದರೆ ಸತ್ತೆವ್ವನಿಗೆ ಅನ್ಯಾಯವಾಗುತ್ತದೆ. "ಮುತ್ಯಾಗ ಅಷ್ಟ ಕಾಗದಾ? ನಮ್ಮ ಮಗ್ಗಾ ಎಣಿಸಲಿಲ್ಲೇನು?" ಎಂದು ಅವಳು ಶುರು ಮಾಡಿದ್ದೇ ತಡ, ಹತ್ತೊಂಬತ್ತು ಮನೆಯವರೂ ಸಾಹೇಬರನ್ನು ಸುತ್ತುವರಿದರು. ಆ ಮನುಷ್ಯ ಬೇಸರಿಸಲಿಲ್ಲ. ಹನುಮಪ್ಪನ ಕಟ್ಟೆಯ ಮೇಲೆ ಕುಳಿತು ಹತ್ತೊಂಬತ್ತು ಕಾಗದ ಬರೆದರು, ಹತ್ತೊಂಬತ್ತರಲ್ಲೂ "ಏನನ್ನೂ ಒಯ್ಯಲಿಲ್ಲ" ಎಂದು ಬರೆದರು. ನಾಲ್ಕು ಗಂಟೆಯ ಮೋಟಾರು ಹಾರ್ನು ಹೊಡೆದು ಹೊಡೆದು ಹೋಗಿಯೇಬಿಟ್ಟಿತು. ಕಡೆಗೆ ಗೋಕಾಕಕ್ಕೆ ಹೊರಟಿದ್ದ ಬೆಲ್ಲದ ಚಕ್ಕಡಿಯೊಂದರಲ್ಲಿ ಅವರನ್ನು ಕೂಡಿಸಿ, ಬುತ್ತಿ ಕಟ್ಟಿಕೊಡಲು ಹೋದರು. ಬುತ್ತಿ ಮಾತ್ರ ಬೇಡವೆಂದರು ಸಾಹೇಬರು. "ಒಯ್ಯಲಿಲ್ಲ ಅಂತ ಇಪ್ಪತ್ತು ಸಲ ಬರದೇನವ್ವಾ" ಎಂದು ಅವತ್ತು ಮೊದಲ ಸಲ ನಕ್ಕರು.

ಮುಂದಿನದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹುಕ್ಕೇರಿಯಲ್ಲಿ ಪರಪ್ಪನ ಮಗ್ಗಗಳು ಆರಕ್ಕಿಂತ ಮೇಲೆ ಎಣಿಕೆಗೆ ಸಿಗಲಿಲ್ಲ. ಅವನ ಲಕೋಟೆ ಒಡೆಯದೆ ವಾಪಸು ಹೋಯಿತು. ಸಾವಂತ್ರೆವ್ವನ ಲಕೋಟೆ ಒಡೆದರು, ಮಳೆಗಾಲಕ್ಕೆ ಮೊದಲೇ ಎಂಟುನೂರು ಕಂಬಳಿ ಓಣಿಯ ಮುದ್ರೆಯಲ್ಲೇ ಹೋದವು.

ಆದರೆ ಅವಳು ಆಮೇಲೆ ಜನಕ್ಕೆ ಹೇಳುತ್ತಿದ್ದದ್ದು ಆ ಗೆಲುವಿನ ಸುದ್ದಿಯನ್ನಲ್ಲ. ಅವತ್ತು ಚಕ್ಕಡಿಯನ್ನು ಕಳಿಸಿ ಅವಳು ತಿರುಗಿ ಬಂದಾಗ ಸೂರ್ಯ ಇನ್ನೂ ಇದ್ದ. ಓಣಿಯವರೆಲ್ಲ ಮಗ್ಗ ಬಿಟ್ಟು ಎದ್ದಿದ್ದರು, ಮುತ್ಯಾ ಒಬ್ಬನೇ ನೇಯುತ್ತಿದ್ದ. ಒಂದು ಗೇಣಿಗಿಂತ ಹೆಚ್ಚು ನೇಯ್ದಿದ್ದ. ಕಾಗದವನ್ನು ಮಡಿಸಿ ತೊಡೆಯ ಕೆಳಗೆ ಒತ್ತಿಕೊಂಡಿದ್ದ. ಅವಳು ಬಂದದ್ದು ಅವನಿಗೆ ಗೊತ್ತಾಗಲಿಲ್ಲ. ಕಣ್ಣಿನಿಂದ ನೀರು ಸುರಿದು ಗಡ್ಡಕ್ಕೆ ಇಳಿಯುತ್ತಿತ್ತು. ಕೈ ಮಾತ್ರ ನಿಂತಿರಲಿಲ್ಲ. ಯಾರೋ ಎದುರಿಗೆ ಕುಳಿತಿರುವಂತೆ, ಮೆಲ್ಲಗೆ, ಕೂಸು ದೊಡ್ಡವರಿಗೆ ವರದಿ ಒಪ್ಪಿಸುವ ದನಿಯಲ್ಲಿ ಅವನು ಹೇಳುತ್ತಿದ್ದ.

"ಎಣಿಸಿದ್ರು ಮುತ್ಯಾ. ಎಣಿಸಿದ್ರು, ಒಯ್ಯಲಿಲ್ಲ."